ಹಳ್ಳಿಯ ಸಭೆಯಲ್ಲಿ ಅಂಗಾಂಗ ದಾನದ ವಿಷಯ ಹೇಳುವುದು ಹೇಗೆ? ಮೊದಲು ಏನು ಹೇಳಬೇಕು?

ನಗರ_ಹೋಬಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನ ನಮ್ಮ ಪಂಚಾಯಿತಿಯಲ್ಲಿ ಆಗಸ್ಟ್ ತಿಂಗಳಲ್ಲಿ ಅಂಗಾಂಗ ದಾನದ ಬಗ್ಗೆ ಒಂದು ಸಭೆ ಮಾಡಬೇಕು ಅಂತ ಹಾಲಿನ ಡೇರಿಯವರು, ಸ್ವಸಹಾಯ ಸಂಘದವರು ಸೇರಿ ಮಾತಾಡಿಕೊಂಡಿದ್ದೇವೆ. ಭಾಷಣ, ಪ್ರತಿಜ್ಞೆ, ಅರ್ಜಿ, ಫೋಟೋ ಇಷ್ಟಕ್ಕೇ ಮುಗಿಯಬಾರದು ಅನ್ನುವುದು ನಮ್ಮ ಆಸೆ. ನಾಳೆ ಒಂದು ಮನೆಯಲ್ಲಿ ಸಾವಾದರೆ ಆ ಮನೆಯವರಿಗೆ ಏನು ಮಾಡಬೇಕು ಅಂತ ಗೊತ್ತಿರಬೇಕು.

ಈಗಾಗಲೇ ಜನ ಕೇಳುತ್ತಿರುವುದು ಇವು: ಎದೆ ಬಡಿಯುತ್ತಿರುವವರನ್ನು ಸತ್ತಿದ್ದಾರೆ ಅಂತ ಹೇಗೆ ಹೇಳುತ್ತಾರೆ? ಮನೆಯಲ್ಲೇ ಹೋದವರ ಕಿಡ್ನಿ ಕೊಡಬಹುದಾ? ಕಣ್ಣು ತೆಗೆದ ಮೇಲೆ ಮುಖ ಹೇಗೆ ಕಾಣುತ್ತದೆ? ದಾನದ ಕಾರ್ಡ್ ಮಾಡಿಸಿಕೊಂಡವರಿಗೆ ಆಸ್ಪತ್ರೆಯಲ್ಲಿ ಸರಿಯಾಗಿ ಚಿಕಿತ್ಸೆ ಕೊಡುತ್ತಾರಾ?

ನಮ್ಮಿಂದ ಶಿವಮೊಗ್ಗ ಎರಡು ಗಂಟೆ ದಾರಿ. ಮಳೆಗಾಲದಲ್ಲಿ ಮರ ಬಿದ್ದರೆ ಲೆಕ್ಕವೇ ಇಲ್ಲ. ಕೆಲವು ಮನೆಗಳಲ್ಲಿ ಮೊಬೈಲ್ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಇಂಥ ಊರಿಗೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ? ಗೊತ್ತಿರುವವರು ಬಿಡಿಸಿ ಹೇಳಿ.

---

ಕಸಿ_ಸಂಯೋಜಕಿ

ನಿಮ್ಮ ಎರಡನೇ ಪ್ರಶ್ನೆಯಿಂದಲೇ ಸಭೆ ಶುರು ಮಾಡಿ. ಅದು ಬಿಡಿಸಿಕೊಂಡರೆ ಉಳಿದದ್ದು ಅರ್ಧ ಬಿಡಿಸಿಕೊಂಡ ಹಾಗೆ.

ಮನೆಯಲ್ಲಿ ಉಸಿರು ನಿಂತು, ಎದೆ ಬಡಿತ ನಿಂತು ತೀರಿಕೊಂಡವರಿಂದ ಕಿಡ್ನಿ, ಲಿವರ್, ಹೃದಯ ತೆಗೆದುಕೊಳ್ಳಲು ಆಗುವುದಿಲ್ಲ. ರಕ್ತ ಓಡಾಡುವುದು ನಿಂತ ಕೆಲವೇ ನಿಮಿಷಗಳಲ್ಲಿ ಆ ಅಂಗಗಳು ಕೆಡಲು ಶುರುವಾಗುತ್ತವೆ. ಅವರಿಂದ ಕಣ್ಣು ಪಡೆಯಬಹುದು. ಚರ್ಮವನ್ನೂ ಪಡೆಯಬಹುದು, ಆದರೆ ಅದಕ್ಕೆ ಚರ್ಮ ಬ್ಯಾಂಕ್ ತಂಡ ತಲುಪುವಷ್ಟು ಹತ್ತಿರ ಇರಬೇಕು. ಒಳಗಿನ ಅಂಗಗಳನ್ನು ಪಡೆಯಲು ಸಾಧ್ಯವಾಗುವುದು ಹೆಚ್ಚು ಕಡಿಮೆ ಒಂದೇ ಸಂದರ್ಭದಲ್ಲಿ: ತಲೆಗೆ ಪೆಟ್ಟು ಬಿದ್ದೋ, ಮೆದುಳಿನಲ್ಲಿ ರಕ್ತಸ್ರಾವವಾಗಿಯೋ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದಾಗ ಮೆದುಳಿನ ಕಾಂಡ (ಮೆದುಳಿನ ಬುಡದಲ್ಲಿ ಉಸಿರಾಟ ನಡೆಸುವ ಭಾಗ) ಪೂರ್ತಿ ಸತ್ತಿರಬೇಕು. ನಮ್ಮ ಕಡೆ ಅದು ಹೆಲ್ಮೆಟ್ ಇಲ್ಲದ ಬೈಕ್ ಅಪಘಾತ, ಬಿಪಿ ಏರಿ ಆದ ಸ್ಟ್ರೋಕ್, ಅಡಿಕೆ ಮರದಿಂದ ಬಿದ್ದ ಕೊನೆಗಾರರು. ಊರಿನ ನೂರು ಸಾವಿನಲ್ಲಿ ಇಂಥದ್ದು ತೀರಾ ಕಡಿಮೆ. ಕಣ್ಣು ಕೊಡಬಹುದಾದ ಸಾವುಗಳೇ ಬಹಳ.

ಹಾಗಾಗಿ ಸಭೆಯನ್ನು ಎರಡು ಭಾಗ ಮಾಡಿ. ಒಂದು, ಮನೆಯಲ್ಲಿ ಸಾವಾದರೆ ಕಣ್ಣು. ಇದನ್ನು ಕೆಲಸ ಕಲಿಸುವ ಹಾಗೆ ಕಲಿಸಿ. ಎರಡು, ಐಸಿಯುನಲ್ಲಿ ಮೆದುಳು ಸತ್ತರೆ ಅಂಗಾಂಗ. ಇದರಲ್ಲಿ ಊರಿನವರು ಮಾಡುವ ಕೆಲಸ ಏನೂ ಇಲ್ಲ, ಅರ್ಥ ಮಾಡಿಕೊಂಡು ಒಪ್ಪುವುದು ಮಾತ್ರ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಕಲಸುಮೇಲೋಗರವಾಗಿ, ಕೊನೆಗೆ ಎರಡೂ ಆಗುವುದಿಲ್ಲ.

ಎದೆ ಬಡಿತದ ಪ್ರಶ್ನೆಗೆ ಉತ್ತರ: ಹೃದಯ ಬಡಿಯಲು ಮೆದುಳಿನ ಅಪ್ಪಣೆ ಬೇಕಾಗಿಲ್ಲ, ಮಿಡಿತ ಹುಟ್ಟಿಸುವ ಕೇಂದ್ರ ಹೃದಯದೊಳಗೇ ಇದೆ. ಆಮ್ಲಜನಕ ಸಿಗುವವರೆಗೆ ಅದು ಬಡಿಯುತ್ತದೆ. ಆದರೆ ಉಸಿರಾಡಲು ಮೆದುಳಿನ ಕಾಂಡ ಬೇಕೇ ಬೇಕು. ಅದು ಸತ್ತ ಮೇಲೆ ಎದೆ ಏಳುವುದು ಇಳಿಯುವುದು ಯಂತ್ರದ ಗಾಳಿಯಿಂದ ಮಾತ್ರ. ಕೋಮಾದಲ್ಲಿರುವವರದು ಹಾಗಲ್ಲ. ಅವರ ಮೆದುಳಿನ ಕಾಂಡ ಜೀವಂತ ಇರುತ್ತದೆ, ಹಲವರು ತಾವೇ ಉಸಿರಾಡುತ್ತಾರೆ, ಕೆಲವರು ಎಚ್ಚರಗೊಳ್ಳುತ್ತಾರೆ. ಕೋಮಾದಲ್ಲಿರುವವರ ಅಂಗ ತೆಗೆಯಲು ಕಾನೂನಿನಲ್ಲಿ ಅವಕಾಶವೇ ಇಲ್ಲ. ಈ ವ್ಯತ್ಯಾಸಕ್ಕೆ ಹತ್ತು ನಿಮಿಷ ಪೂರ್ತಿ ಕೊಡಿ.

ಮೆದುಳು ಸತ್ತಿದೆ ಎಂದು ಒಬ್ಬ ಡಾಕ್ಟರು ಹೇಳಿದರೆ ಆಗುವುದಿಲ್ಲ. 1994ರ ಮಾನವ ಅಂಗಾಂಗ ಕಸಿ ಕಾಯ್ದೆ (2011ರಲ್ಲಿ ತಿದ್ದುಪಡಿ ಆಗಿದೆ) ಪ್ರಕಾರ ನಾಲ್ವರು ವೈದ್ಯರು ಸಹಿ ಹಾಕಬೇಕು: ಆಸ್ಪತ್ರೆಯ ಮುಖ್ಯಸ್ಥರು, ಸರ್ಕಾರ ಒಪ್ಪಿದ ಪಟ್ಟಿಯಿಂದ ಒಬ್ಬ ತಜ್ಞರು, ನರರೋಗ ತಜ್ಞರು ಅಥವಾ ನರಶಸ್ತ್ರಚಿಕಿತ್ಸಕರು, ಮತ್ತು ಚಿಕಿತ್ಸೆ ಕೊಡುತ್ತಿರುವ ವೈದ್ಯರು. ನರತಜ್ಞರು ಸಿಗದ ಕಡೆ ಪಟ್ಟಿಯಲ್ಲಿರುವ ಫಿಸಿಶಿಯನ್, ಸರ್ಜನ್, ಅರಿವಳಿಕೆ ಅಥವಾ ಐಸಿಯು ತಜ್ಞರು ಆ ಸ್ಥಾನದಲ್ಲಿ ಇರಬಹುದು. ಕಸಿ ಮಾಡುವ ತಂಡದವರು ಈ ನಾಲ್ವರಲ್ಲಿ ಇರುವಂತಿಲ್ಲ. ಎಲ್ಲ ಪರೀಕ್ಷೆಗಳನ್ನು ಎರಡು ಸಲ ಮಾಡಬೇಕು, ನಡುವೆ ಕನಿಷ್ಠ 6 ಗಂಟೆ ಅಂತರ ಇರಬೇಕು. ಇದೆಲ್ಲ ನಮೂನೆ 10ರಲ್ಲಿ ದಾಖಲಾಗುತ್ತದೆ. ಕಾರ್ಡ್ ಇದ್ದವರಿಗೆ ಚಿಕಿತ್ಸೆ ಸರಿಯಾಗಿ ಕೊಡುವುದಿಲ್ಲ ಅನ್ನುವ ಹೆದರಿಕೆಗೆ ನೇರ ಉತ್ತರ ಇದೇ. ತುರ್ತು ವಿಭಾಗದಲ್ಲಿ ಯಾರೂ ಕಾರ್ಡ್ ಹುಡುಕುವುದಿಲ್ಲ. ದಾನದ ಮಾತು ಬರುವುದು ಸಾವು ಖಚಿತವಾದ ಮೇಲೆ.

ಇನ್ನು ಮನೆಯವರನ್ನು ನಿಜವಾಗಿ ಕಂಗೆಡಿಸುವುದು ಹೊತ್ತು. ಯಾವ ಕರಪತ್ರದಲ್ಲೂ ಇದನ್ನು ಬರೆದಿರುವುದಿಲ್ಲ. ಮೊದಲ ಸುತ್ತಿನ ಪರೀಕ್ಷೆ, ಆರು ಗಂಟೆ ಬಿಟ್ಟು ಎರಡನೆಯದು, ಆಮೇಲೆ ನಮೂನೆ 8ರಲ್ಲಿ ಮನೆಯವರ ಒಪ್ಪಿಗೆ, ರಕ್ತಪರೀಕ್ಷೆ, ಯಾರಿಗೆ ಹೊಂದುತ್ತದೆ ಎಂಬ ಹಂಚಿಕೆ, ಬೇರೆ ಊರಿನಿಂದ ತಂಡ ಬರುವುದು, ನಾಲ್ಕಾರು ಗಂಟೆಯ ಶಸ್ತ್ರಚಿಕಿತ್ಸೆ, ಅಪಘಾತವಾಗಿದ್ದರೆ ಮರಣೋತ್ತರ ಪರೀಕ್ಷೆ. ಎಲ್ಲ ಸೇರಿ ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು. ಅಷ್ಟು ಹೊತ್ತು ಊರಿನ ಜಗಲಿಯಲ್ಲಿ ನೆಂಟರು ಕಾಯುತ್ತಿರುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ಫೋನ್: ಯಾವಾಗ ಹೊರಡ್ತೀರಿ, ಏನು ಮಾಡ್ತಿದ್ದೀರಿ ಅಲ್ಲಿ? ಆಸ್ಪತ್ರೆಯಲ್ಲಿ ಒಪ್ಪಿದ ಹೆಂಡತಿಯೋ ಮಗನೋ ಊರಿನ ಒತ್ತಡಕ್ಕೆ ಸೋತು ಬೇಡ ಅನ್ನುವುದು ಇಲ್ಲಿ. ಸಭೆಯಲ್ಲಿ ಈ ಮಾತನ್ನು ನೆಂಟರಿಷ್ಟರಿಗೇ ಹೇಳಿ: ಆ ಒಂದು ದಿನ ನೀವು ಮಾಡಬಹುದಾದ ದೊಡ್ಡ ಸಹಾಯ ಅಂದರೆ ಅವರಿಗೆ ಫೋನ್ ಮಾಡಿ ಅವಸರ ಮಾಡದೇ ಇರುವುದು. ಮನೆಯ ಒಬ್ಬರೇ ಊರಿಗೆ ಸುದ್ದಿ ಕೊಡುವ ಹೊಣೆ ತೆಗೆದುಕೊಳ್ಳಲಿ.

ಹಣದ ವಿಷಯ ಮುಚ್ಚಿಡಬೇಡಿ. ಮೆದುಳಿನ ಸಾವು ಖಚಿತವಾಗುವವರೆಗಿನ ಚಿಕಿತ್ಸೆಯ ಬಿಲ್ ಮನೆಯವರದೇ. ದಾನಕ್ಕೆ ಒಪ್ಪಿದ ಮೇಲೆ ದೇಹವನ್ನು ಯಂತ್ರದ ಮೇಲೆ ಇಟ್ಟುಕೊಳ್ಳುವ ಖರ್ಚು, ಅಂಗ ತೆಗೆಯುವ, ಸಾಗಿಸುವ ಖರ್ಚು ಅವರ ಮೇಲೆ ಬೀಳುವಂತಿಲ್ಲ. ಬಿಲ್‌ನಲ್ಲಿ ಆ ಗೆರೆ ಎಲ್ಲಿ ಎಂದು ಆಸ್ಪತ್ರೆಯ ಕಸಿ ಸಂಯೋಜಕರನ್ನು ಕೇಳಿ ಬರೆಸಿಕೊಳ್ಳಬಹುದು. ಅಂಗಕ್ಕೆ ಬದಲಾಗಿ ಹಣ ಕೊಡುವುದು, ಪಡೆಯುವುದು ಅಪರಾಧ. 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿ ದಂಡ. ಅಂಗ ಯಾರಿಗೆ ಹೋಗಬೇಕು ಎಂದು ಮನೆಯವರು ಹೇಳುವ ಹಾಗಿಲ್ಲ, ಅಂಗ ಪಡೆದವರ ಹೆಸರೂ ತಿಳಿಸುವುದಿಲ್ಲ. ಕರ್ನಾಟಕದಲ್ಲಿ ಹಂಚಿಕೆ ನೋಡಿಕೊಳ್ಳುವುದು ‘ಜೀವಸಾರ್ಥಕತೆ’.

---

ನೇತ್ರಬ್ಯಾಂಕ್_ತಂತ್ರಜ್ಞ

ಮೇಲಿನವರು ಕೆಲಸ ಕಲಿಸುವ ಹಾಗೆ ಕಲಿಸಿ ಅಂದರಲ್ಲ, ಆ ಕೆಲಸ ಇದು. ಅಡುಗೆಮನೆ ಗೋಡೆಗೆ ಅಂಟಿಸುವ ಹಾಗೆ ದೊಡ್ಡಕ್ಷರದಲ್ಲಿ ಬರೆಸಿ ಹಂಚಿ.

ಸಾವಾಗಿ 6 ಗಂಟೆಯೊಳಗೆ ಕಣ್ಣು ಸಂಗ್ರಹ ಆಗಬೇಕು. ನಿಮಗೆ ಶಿವಮೊಗ್ಗ ಎರಡು ಗಂಟೆ ಅಂದರೆ, ತಂಡ ಸಿದ್ಧವಾಗಿ ಹೊರಡಲು ಅರ್ಧ ಗಂಟೆ, ಮಳೆಗಾಲದ ದಾರಿಗೆ ಇನ್ನೊಂದು ಗಂಟೆ ಸೇರಿಸಿ. ಮೂರೂವರೆ ಗಂಟೆ ಹಾಗೇ ಹೋಯಿತು. ಉಳಿದದ್ದು ಎರಡೂವರೆ. ಅಳು, ಸುದ್ದಿ ಮುಟ್ಟಿಸುವುದು, ದೂರದ ಮಗನನ್ನು ಕೇಳುವುದು, ಇವುಗಳಲ್ಲಿ ಆ ಎರಡೂವರೆ ಗಂಟೆ ಕಳೆದುಹೋಗುತ್ತದೆ. ಅದಕ್ಕೇ ಫೋನ್ ಮೊದಲ ಅರ್ಧ ಗಂಟೆಯಲ್ಲೇ ಹೋಗಬೇಕು. ಕೊನೆಗೆ ಮನೆಯವರು ಬೇಡ ಅಂದರೆ ತಂಡ ಸುಮ್ಮನೆ ವಾಪಸ್ ಹೋಗುತ್ತದೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಒಪ್ಪಿಗೆ ಪಕ್ಕಾ ಆದ ಮೇಲೆ ಫೋನ್ ಮಾಡೋಣ ಅಂತ ಕಾಯುವುದರಿಂದಲೇ ಹೆಚ್ಚು ಕಣ್ಣು ತಪ್ಪಿಹೋಗುವುದು.

ಫೋನ್ ಯಾರು ಮಾಡಬೇಕು ಅನ್ನುವುದನ್ನು ಸಭೆಯಲ್ಲೇ ತೀರ್ಮಾನ ಮಾಡಿ. ಸಾವಿನ ಮನೆಯವರಿಂದ ಅದು ಆಗುವುದಿಲ್ಲ. ಪ್ರತಿ ಮಜರೆಗೆ ಇಬ್ಬರು: ಆಶಾ ಕಾರ್ಯಕರ್ತೆ, ಡೇರಿ ಕಾರ್ಯದರ್ಶಿ, ಅಂಗಡಿಯವರು, ಯಾರಾದರೂ ಸರಿ. ಸಿಗ್ನಲ್ ಎಲ್ಲಿ ಸಿಗುತ್ತದೆ, ಯಾರ ಮನೆಯಲ್ಲಿ ವೈಫೈ ಇದೆ ಅಂತ ಅವರಿಗೆ ಗೊತ್ತಿರಲಿ. ಕಣ್ಣಿನ ಬ್ಯಾಂಕ್ ನಂಬರನ್ನು ಸಭೆಯ ಮೊದಲು ನೀವೇ ಡಯಲ್ ಮಾಡಿ ನೋಡಿ, ರಾತ್ರಿ ಹೊತ್ತಿನಲ್ಲೂ ಒಮ್ಮೆ. ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿಯೂ ಕೇಳಬಹುದು. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯ ಕಣ್ಣಿನ ವಿಭಾಗ, ಹರಕೆರೆಯ ಶಂಕರ ಕಣ್ಣಿನ ಆಸ್ಪತ್ರೆ, ಎರಡು ಕಡೆಯೂ ವಿಚಾರಿಸಿ. ಯಾವ ತಂಡ ನಿಮ್ಮ ಹೋಬಳಿಯವರೆಗೆ, ಎಷ್ಟು ಹೊತ್ತಿನವರೆಗೆ ಬರಲು ಒಪ್ಪುತ್ತದೆ ಅನ್ನುವುದನ್ನು ಅವರ ಬಾಯಲ್ಲೇ ಕೇಳಿಕೊಂಡು ಬರೆದುಕೊಳ್ಳಿ.

ತಂಡ ಬರುವವರೆಗೆ ಮನೆಯಲ್ಲಿ ಮಾಡಬೇಕಾದ್ದು: ಎರಡೂ ಕಣ್ಣಿನ ರೆಪ್ಪೆ ಪೂರ್ತಿ ಮುಚ್ಚಿ. ಶುದ್ಧ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯನ್ನು ರೆಪ್ಪೆಯ ಮೇಲಿಡಿ, ಒಣಗಿದ ಹಾಗೆ ಬದಲಿಸಿ. ಫ್ಯಾನ್ ಆಫ್ ಮಾಡಿ. ಗಾಳಿ ಬಿದ್ದರೆ ಕಣ್ಣಿನ ಮುಂದಿನ ಪೊರೆ (ಕಾರ್ನಿಯಾ) ಒಣಗಿ ಮಸುಕಾಗುತ್ತದೆ, ಜನ ಸೇರಿದ್ದಾರೆ ಅಂತ ಫ್ಯಾನ್ ಜೋರು ಮಾಡುವುದೇ ದೊಡ್ಡ ತೊಂದರೆ. ತಲೆಯ ಕೆಳಗೆ ದಿಂಬಿಟ್ಟು ಸುಮಾರು ಅರ್ಧ ಅಡಿ ಎತ್ತರಿಸಿ. ತಲೆ ತಗ್ಗಿನಲ್ಲಿದ್ದರೆ ಆಮೇಲೆ ರಕ್ತ ಒಸರುತ್ತದೆ, ರೆಪ್ಪೆ ಊದಿಕೊಳ್ಳುತ್ತದೆ. ನೆಲಕ್ಕೆ ಇಳಿಸುವ ಪದ್ಧತಿ ಇದ್ದರೆ ಇಳಿಸಿ, ದಿಂಬು ಇರಲಿ. ಸ್ನಾನ, ಪೂಜೆ ಯಾವುದಕ್ಕೂ ಅಡ್ಡಿ ಇಲ್ಲ, ಮುಖಕ್ಕೆ ನೀರು ಹಾಕಿದ ಮೇಲೆ ರೆಪ್ಪೆ ಮುಚ್ಚಿದೆಯಾ ನೋಡಿ.

ಕಾಗದಪತ್ರ: ವೈದ್ಯರು ಸಾವನ್ನು ಖಚಿತಪಡಿಸಿ ಕಾರಣ ಬರೆದುಕೊಡಬೇಕು. ಹಳ್ಳಿಯಲ್ಲಿ ಕಷ್ಟ ಆಗುವುದು ಇದೇ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಜೊತೆ ಮೊದಲೇ ಮಾತಾಡಿ ಸಭೆಗೂ ಕರೆಯಿರಿ. ಮನೆಯಲ್ಲಿ ಆದ ಸಾವಿಗೆ ಅವರು ಕೊಡುವುದು ನಮೂನೆ 4ಎ. ಹಳೆಯ ಡಿಸ್ಚಾರ್ಜ್ ಸಮರಿ, ಔಷಧಿ ಚೀಟಿ ಒಂದು ಕಡೆ ಎತ್ತಿಡಿ. ಮನೆಯ ಹತ್ತಿರದ ಸಂಬಂಧಿಯ ಒಪ್ಪಿಗೆ ಸಹಿ, ಜೊತೆಗೆ ಇಬ್ಬರ ಸಾಕ್ಷಿ. ಹೋದವರು ಬದುಕಿದ್ದಾಗ ಯಾವ ಅರ್ಜಿ ತುಂಬಿರದಿದ್ದರೂ ಮನೆಯವರು ಕೊಡಬಹುದು. ಇದನ್ನು ಎರಡು ಸಲ ಹೇಳಿ.

ಕಾರ್ನಿಯಾ ಅಂದರೆ ಕಣ್ಣಿನ ಮುಂದಿರುವ ಪಾರದರ್ಶಕ ಪೊರೆ, ಕೈಗಡಿಯಾರದ ಗಾಜಿನ ಹಾಗೆ. ಕಸಿಗೆ ಬೇಕಾದದ್ದು ಅದೊಂದೇ, ಇಡೀ ಕಣ್ಣನ್ನು ಜೋಡಿಸಿ ಯಾರಿಗೂ ದೃಷ್ಟಿ ಕೊಡಲು ಬರುವುದಿಲ್ಲ. ತಂಡ ಪೊರೆಯನ್ನಷ್ಟೇ ತೆಗೆಯಬಹುದು, ಇಲ್ಲವೇ ಗುಡ್ಡೆಯನ್ನೇ ತೆಗೆದು ಆ ಜಾಗದಲ್ಲಿ ಹತ್ತಿ ಮತ್ತು ಪ್ಲಾಸ್ಟಿಕ್ ಕವಚ ಇಟ್ಟು ರೆಪ್ಪೆ ಮುಚ್ಚಬಹುದು. 15–20 ನಿಮಿಷದ ಕೆಲಸ. ಒಂದಿಷ್ಟು ರಕ್ತವನ್ನೂ ತೆಗೆದುಕೊಳ್ಳುತ್ತಾರೆ, ಎಚ್‌ಐವಿ, ಕಾಮಾಲೆ (ಹೆಪಟೈಟಿಸ್) ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆಗೆ. ಮುಖ ನಿದ್ದೆ ಮಾಡಿದವರ ಹಾಗೇ ಇರುತ್ತದೆ.

ಕನ್ನಡಕ ಹಾಕುತ್ತಿದ್ದವರು, ಪೊರೆ (ಕ್ಯಾಟರಾಕ್ಟ್) ಆಪರೇಷನ್ ಆದವರು, ಸಕ್ಕರೆ ಕಾಯಿಲೆ, ಬಿಪಿ ಇದ್ದವರು ಎಲ್ಲರೂ ಕೊಡಬಹುದು. ಹುಚ್ಚುನಾಯಿ ಕಡಿದು ರೇಬೀಸ್‌ನಿಂದ ಹೋದವರು, ಎಚ್‌ಐವಿ, ಕಾಮಾಲೆ ಬಿ ಅಥವಾ ಸಿ, ರಕ್ತದ ಕ್ಯಾನ್ಸರ್, ಮೈಯೆಲ್ಲ ನಂಜೇರಿದವರು, ವೈರಸ್‌ನಿಂದ ಮೆದುಳು ಜ್ವರ ಬಂದವರು, ಕಾರಣವೇ ತಿಳಿಯದೆ ಸತ್ತವರು ಆಗುವುದಿಲ್ಲ. ಕಾರ್ನಿಯಾ ಕಸಿಯಿಂದ ರೇಬೀಸ್ ದಾಟಿದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ, ಆದ್ದರಿಂದ ನಾಯಿ ಕಡಿತದ ವಿಷಯ ಮುಚ್ಚಿಡಬಾರದು. ನಮ್ಮ ಕಡೆ ಇನ್ನೊಂದು ಇದೆ. ಮಂಗನ ಕಾಯಿಲೆಯ ದಿನಗಳಲ್ಲಿ ಜ್ವರ ಬಂದು ತೀರಿಕೊಂಡಿದ್ದರೆ ಫೋನಿನಲ್ಲೇ ಹೇಳಿಬಿಡಿ. ತಂಡ ಬೇಡ ಅನ್ನಬಹುದು, ಅದು ಸರಿಯಾದ ನಿರ್ಧಾರ.

ಒಂದು ಪ್ರಾಮಾಣಿಕ ಮಾತು. ಕೊಟ್ಟ ಪ್ರತಿ ಕಾರ್ನಿಯಾವೂ ದೃಷ್ಟಿ ಕೊಡುವ ಕಸಿಗೆ ಯೋಗ್ಯ ಇರುವುದಿಲ್ಲ. ಹಿಂಬದಿಯ ಜೀವಕೋಶಗಳ ಸಂಖ್ಯೆ ಕಡಿಮೆ ಇದ್ದರೆ ಸೋಂಕಾದ ಕಣ್ಣನ್ನು ಉಳಿಸಲು ಅಥವಾ ವೈದ್ಯರ ತರಬೇತಿಗೆ ಬಳಸುತ್ತಾರೆ. ಇದನ್ನು ಮೊದಲೇ ಹೇಳಿದರೆ ಆಮೇಲೆ ಯಾರಿಗೂ ನೋವಾಗುವುದಿಲ್ಲ. ಇನ್ನೊಂದು ಕಡೆ, ಒಳ್ಳೆಯ ಕಾರ್ನಿಯಾ ಸಿಕ್ಕರೆ ಮುಂದಿನ ಪದರ ಒಬ್ಬರಿಗೆ, ಹಿಂದಿನದು ಮತ್ತೊಬ್ಬರಿಗೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ಹೀಗೆ.

---

ನಗರ_ಹೋಬಳಿ

ತುಂಬಾ ಉಪಕಾರ ಆಯ್ತು ಮೇಡಂ, ಸರ್. ಮಜರೆಗೆ ಇಬ್ಬರು ಅನ್ನುವುದನ್ನು ಬರೆದುಕೊಂಡೆ. ಒಂದು ಸಂಶಯ ಜನ ಖಂಡಿತ ಎತ್ತುತ್ತಾರೆ. ಹಾವು ಕಡಿದವರನ್ನು ‘ಮುಗೀತು’ ಅಂತ ಕೈಬಿಟ್ಟ ಮೇಲೂ ಎದ್ದು ಕೂತಿದ್ದಾರೆ ಅನ್ನುವ ಮಾತು ಇಲ್ಲಿ ಎಲ್ಲರ ಬಾಯಲ್ಲಿದೆ. ಮೆದುಳು ಸತ್ತಿದೆ ಅಂತ ಹೇಳಿದ ಮೇಲೂ ಹಾಗೆ ಆಗುವುದಿಲ್ಲ ಅಂತ ಹೇಗೆ ನಂಬಿಸುವುದು?

---

ಐಸಿಯು_ವೈದ್ಯ_ಮಲೆನಾಡು

ಆ ಸಂಶಯವನ್ನು ತಳ್ಳಿಹಾಕಬೇಡಿ. ಅದರಲ್ಲಿ ಸತ್ಯ ಇದೆ. ಮಲೆನಾಡಿನ ಐಸಿಯುನಲ್ಲಿ ಕೆಲಸ ಮಾಡುವ ಯಾರೂ ಅದನ್ನು ಮರೆಯಬಾರದು.

ಕಟ್ಟುಹಾವು ಕಡಿದರೆ ನರದಿಂದ ಸ್ನಾಯುವಿಗೆ ಹೋಗುವ ಸಂದೇಶ ಕಡಿದುಹೋಗುತ್ತದೆ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಡಿಯುವುದು ಹೆಚ್ಚು, ನೋವು ಇಲ್ಲ, ಗಾಯದ ಗುರುತೂ ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವುದು, ಆಮೇಲೆ ಉಸಿರು ನಿಲ್ಲುವುದು. ವೆಂಟಿಲೇಟರ್ ಹಾಕಿದಾಗ ಕೈಕಾಲು ಅಲುಗದು, ಕಣ್ಣಿನ ಪಾಪೆ ಅಗಲವಾಗಿ ಬೆಳಕಿಗೆ ಸ್ಪಂದಿಸದು, ಕೆಮ್ಮೂ ಇಲ್ಲ. ನೋಡಲು ಮೆದುಳು ಸತ್ತ ಹಾಗೇ. ಆದರೆ ಮೆದುಳಿಗೆ ಏನೂ ಆಗಿಲ್ಲ, ಒಳಗೆ ಎಚ್ಚರವೂ ಇರಬಹುದು. ಕೆಲವು ದಿನ ಉಸಿರಾಟಕ್ಕೆ ಆಸರೆ ಕೊಟ್ಟರೆ ಎದ್ದು ಬರುತ್ತಾರೆ. ತೋಟಕ್ಕೆ ಹೊಡೆಯುವ ಕೀಟನಾಶಕ ಹೊಟ್ಟೆಗೆ ಹೋದಾಗಲೂ ಎಚ್ಚರಿಕೆ ಬೇಕು. ಚಿಕಿತ್ಸೆಗೆ ಕೊಡುವ ಅಟ್ರೋಪಿನ್‌ನಿಂದ ಪಾಪೆ ಅಗಲವಾಗಿ ನಿಂತುಬಿಡುತ್ತದೆ.

ಇದೇ ಕಾರಣಕ್ಕೆ ಪರೀಕ್ಷೆ ಶುರು ಮಾಡುವ ಮೊದಲೇ ಕೆಲವು ಷರತ್ತು ಪೂರೈಸಬೇಕು. ಮೆದುಳಿಗೆ ಗುಣವಾಗದ ಹಾನಿ ಆಗಿದೆ ಅನ್ನುವುದಕ್ಕೆ ಕಾರಣ ತಿಳಿದಿರಬೇಕು. ಸಾಮಾನ್ಯವಾಗಿ ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವವೋ, ಊತವೋ ಕಣ್ಣಿಗೆ ಕಾಣಬೇಕು. ಹಾವಿನ ವಿಷ, ಕೀಟನಾಶಕ, ನಿದ್ದೆ ಬರಿಸುವ ಔಷಧಿ, ಸ್ನಾಯು ಸಡಿಲಿಸುವ ಔಷಧಿ ಯಾವುದರ ಪ್ರಭಾವವೂ ಇರಬಾರದು. ಮೈ ತಣ್ಣಗಾಗಿರಬಾರದು. ಸಕ್ಕರೆ, ಸೋಡಿಯಂ ಏರುಪೇರು ಸರಿಪಡಿಸಿರಬೇಕು. ಇವುಗಳಲ್ಲಿ ಒಂದು ಸಂಶಯ ಉಳಿದರೂ ಪರೀಕ್ಷೆಯನ್ನೇ ಮಾಡುವುದಿಲ್ಲ.

ಷರತ್ತು ಪೂರೈಸಿದ ಮೇಲೆ: ಪಾಪೆಗೆ ಬೆಳಕು ಬಿಡುವುದು, ಕಾರ್ನಿಯಾಕ್ಕೆ ಹತ್ತಿ ಮುಟ್ಟಿಸುವುದು, ತಲೆಯನ್ನು ಆಚೀಚೆ ತಿರುಗಿಸಿ ಕಣ್ಣಿನ ಚಲನೆ ನೋಡುವುದು, ಕಿವಿಗೆ 50 ಮಿಲಿ ಐಸ್ ನೀರು ಬಿಡುವುದು, ಮುಖದ ಮೇಲೆ ನೋವು ಕೊಟ್ಟು ನೋಡುವುದು, ಗಂಟಲಿಗೆ ನಳಿಕೆ ಹಾಕಿ ಓಕರಿಕೆ, ಕೆಮ್ಮು ನೋಡುವುದು. ಕೊನೆಯದು ಉಸಿರಿನ ಪರೀಕ್ಷೆ. ವೆಂಟಿಲೇಟರ್ ಬಿಡಿಸಿ, ನಳಿಕೆಯಲ್ಲಿ ಆಮ್ಲಜನಕ ಬಿಡುತ್ತಾ 8–10 ನಿಮಿಷ ಎದೆ, ಹೊಟ್ಟೆ ನೋಡುತ್ತಾ ನಿಲ್ಲುತ್ತೇವೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಒತ್ತಡ 60 ಮಿಮೀ ಮುಟ್ಟಿದರೆ ಮೆದುಳಿನ ಕಾಂಡದಲ್ಲಿ ಒಂದಿಷ್ಟು ಜೀವ ಇದ್ದರೂ ಅದು ಉಸಿರು ಎಳೆದೇ ಎಳೆಯುತ್ತದೆ. ಎಳೆಯಲಿಲ್ಲ ಅಂದರೆ ಇಲ್ಲ. ಮನೆಯವರಲ್ಲಿ ಒಬ್ಬರಿಗೆ ಧೈರ್ಯ ಇದ್ದರೆ ಈ ಪರೀಕ್ಷೆ ನೋಡಲು ಅವಕಾಶ ಕೇಳಬಹುದು. ಹತ್ತು ಮಾತಿಗಿಂತ ಅದು ಮೇಲು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯ ಮೊದಲೇ ಹೇಳದಿದ್ದರೆ ನಂಬಿಕೆ ಒಡೆದುಹೋಗುತ್ತದೆ. ಮೆದುಳು ಸತ್ತ ಮೇಲೂ ಬೆರಳು, ಕಾಲು ಅಲುಗಬಹುದು, ಅಪರೂಪಕ್ಕೆ ಎರಡೂ ಕೈ ಎದೆಯವರೆಗೆ ಏಳಬಹುದು. ಅದು ಬೆನ್ನುಹುರಿಯ ಪ್ರತಿಕ್ರಿಯೆ, ಮೆದುಳಿನದಲ್ಲ. ಮೈ ಮುಟ್ಟಿದರೆ ಬೆಚ್ಚಗಿರುತ್ತದೆ, ಮೂತ್ರ ಬರುತ್ತಿರುತ್ತದೆ. ಬಹಳ ಬಾರಿ ಮೂತ್ರ ವಿಪರೀತ ಹೋಗಿ ಸೋಡಿಯಂ ಏರುತ್ತದೆ, ಬಿಪಿ ಕುಸಿಯುತ್ತದೆ. ಆಗ ಅಂಗಗಳೂ ಕೆಡುತ್ತಾ ಬರುತ್ತವೆ. ವಾರಗಟ್ಟಲೆ ಯೋಚಿಸಿ ಹೇಳೋಣ ಅನ್ನಲು ಆಗದಿರುವುದು ಈ ಕಾರಣಕ್ಕೆ.

ಆಸ್ಪತ್ರೆಯವರದೂ ತಪ್ಪಿದೆ. ಒಬ್ಬರು ‘ಮೆದುಳು ಸತ್ತಿದೆ’ ಅನ್ನುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ‘ಜೀವ ಮಷೀನ್ ಮೇಲಿದೆ’ ಅನ್ನುತ್ತಾರೆ. ಕೇಳಿದವರು ಯಾವುದನ್ನು ನಂಬಬೇಕು? ಸಾವಿನ ಸುದ್ದಿ ಹೇಳಿದ ಬಾಯಲ್ಲೇ, ಅದೇ ಕ್ಷಣದಲ್ಲಿ ದಾನವನ್ನೂ ಕೇಳಬಾರದು. ಮೊದಲು ಸಾವು ಸಾವೆಂದು ಮನಸ್ಸಿಗೆ ಇಳಿಯಲು ಹೊತ್ತು ಕೊಡಬೇಕು. ಎರಡನೇ ಮಾತನ್ನು ತರಬೇತಾದ ಸಂಯೋಜಕರು ಆಡಬೇಕು.

ದೂರದ ಲೆಕ್ಕವನ್ನೂ ಹೇಳಿಡಿ. ಹೃದಯ, ಶ್ವಾಸಕೋಶ ಹೊರಗೆ ತಾಳುವುದು 4–6 ಗಂಟೆ, ಲಿವರ್ 8–12, ಕಿಡ್ನಿ 24 ಗಂಟೆ ಮತ್ತು ತುಸು ಹೆಚ್ಚು. ಶಿವಮೊಗ್ಗದಿಂದ ಬೆಂಗಳೂರು ಸುಮಾರು 300 ಕಿಲೋಮೀಟರ್. ರಸ್ತೆಯಲ್ಲಿ ಹೃದಯ ಒಯ್ಯುವುದು ಬಹಳ ಇಕ್ಕಟ್ಟು, ಲಿವರ್, ಕಿಡ್ನಿಗೆ ಅಡ್ಡಿಯಿಲ್ಲ. ‘ನಮ್ಮವರ ಹೃದಯ ಯಾಕೆ ಬೇಡ ಅಂದರು’ ಎಂದು ಆಮೇಲೆ ಕೊರಗುವವರಿಗೆ ಇದು ಉತ್ತರ. ನಿಮ್ಮ ಹೋಬಳಿಯ ತುಂಬಾ ಜನ ಹುಲಿಕಲ್ ಘಾಟಿ ಇಳಿದು ಮಣಿಪಾಲಕ್ಕೆ ಹೋಗುತ್ತಾರೆ, ಕಸಿ ಸೌಲಭ್ಯ ಇರುವ ಆಸ್ಪತ್ರೆ ಅಲ್ಲಿದೆ. ಕಸಿ ಮಾಡದ ಆಸ್ಪತ್ರೆಯೂ ಐಸಿಯು, ಆಪರೇಷನ್ ಥಿಯೇಟರ್ ಇದ್ದು ಅಂಗ ಸಂಗ್ರಹಕ್ಕೆ ನೋಂದಣಿ ಮಾಡಿಸಿಕೊಂಡಿದ್ದರೆ ಸಾಕು. ನಿಮ್ಮವರು ಹೋಗುವ ಆಸ್ಪತ್ರೆಗಳಲ್ಲಿ ಯಾವುದಕ್ಕೆ ಆ ನೋಂದಣಿ ಇದೆ ಎಂದು ಜೀವಸಾರ್ಥಕತೆಯಿಂದ ಕೇಳಿ ಬೋರ್ಡ್ ಮೇಲೆ ಬರೆಯಿರಿ.

---

ತುಂಗಾತೀರದ_ವಕೀಲ

ಅಪಘಾತದ ಸಾವಿನಲ್ಲಿ ಪೊಲೀಸರದ್ದು ಬರುತ್ತದೆ, ಅದನ್ನು ಯಾರೂ ಬರೆಯಲಿಲ್ಲ. ಬೈಕ್ ಅಪಘಾತ, ಮರದಿಂದ ಬಿದ್ದದ್ದು ಎರಡೂ ಪೊಲೀಸ್ ಕೇಸ್. ದಾನಕ್ಕೆ ಇದು ಅಡ್ಡಿಯಲ್ಲ. ಒಪ್ಪಿಗೆ ಸಿಕ್ಕಿದ ಕೂಡಲೇ ಆಸ್ಪತ್ರೆಯವರೇ ಠಾಣೆಗೂ, ಮರಣೋತ್ತರ ಪರೀಕ್ಷೆ ಮಾಡುವ ವೈದ್ಯರಿಗೂ ಏಕಕಾಲಕ್ಕೆ ಪತ್ರ ಕೊಡಬೇಕು ಎಂದು 2014ರ ನಿಯಮಗಳಲ್ಲಿ ಇದೆ. ಮನೆಯವರು ಠಾಣೆಗೆ ಅಲೆಯಬೇಕಾಗಿಲ್ಲ. ಕತ್ತಲಾದ ಮೇಲೆ ಪೋಸ್ಟ್‌ಮಾರ್ಟಂ ಇಲ್ಲ ಅನ್ನುವ ಹಳೆಯ ರೂಢಿಯನ್ನು 2021ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸಡಿಲಿಸಿದೆ. ಅಂಗಾಂಗ ದಾನದ ಪ್ರಕರಣದಲ್ಲಿ ಸೌಲಭ್ಯ ಇರುವ ಕಡೆ ರಾತ್ರಿಯೂ ಆಗಬಹುದು.

ವಿಮೆ, ಪರಿಹಾರಕ್ಕೆ ತೊಂದರೆ ಆಗುತ್ತದಾ ಅಂತ ಕೇಳುತ್ತಾರೆ. ಇಲ್ಲ. ಕಾಗದದಲ್ಲಿ ಸಾವಿನ ಹೊತ್ತು ಎಂದರೆ ಎರಡನೇ ಸುತ್ತಿನ ಪರೀಕ್ಷೆಯಲ್ಲಿ ಸಾವು ಖಚಿತವಾದ ಹೊತ್ತು, ಅಂಗ ತೆಗೆದ ಹೊತ್ತಲ್ಲ. ತಿಥಿ ಯಾವುದು ಹಿಡಿಯಬೇಕು ಎಂಬ ಪ್ರಶ್ನೆ ನಮ್ಮ ಕಡೆ ಬಂದೇ ಬರುತ್ತದೆ. ಅದನ್ನು ಪುರೋಹಿತರ ಜೊತೆ ಮಾತಾಡಿ ಮನೆಯವರೇ ತೀರ್ಮಾನಿಸಬೇಕು. ಸಭೆಗೆ ಊರಿನ ಭಟ್ಟರನ್ನೂ, ಜಂಗಮರನ್ನೂ, ಮಸೀದಿಯ ಗುರುಗಳನ್ನೂ ಕರೆದು ಒಂದು ವಾರ ಮೊದಲೇ ಅವರ ಜೊತೆ ಕೂತು ಮಾತಾಡಿ. ವೇದಿಕೆಯ ಮೇಲೆ ದಿಢೀರ್ ಅಂತ ಕೇಳಿದರೆ ಯಾರೇ ಆದರೂ ಇಲ್ಲ ಅನ್ನುತ್ತಾರೆ.

ಹೊಟ್ಟೆ, ಎದೆ ಮೇಲಿನ ಗಾಯವನ್ನು ಪೂರ್ತಿ ಹೊಲಿದು, ಬ್ಯಾಂಡೇಜ್ ಹಾಕಿ ಕೊಡುತ್ತಾರೆ. ಬಟ್ಟೆ ಉಡಿಸಿದ ಮೇಲೆ ಕಾಣುವುದಿಲ್ಲ. ಕುಳ್ಳಿರಿಸಿ ಸಮಾಧಿ ಮಾಡುವ ಪದ್ಧತಿಯವರು ಅದನ್ನು ಸಂಯೋಜಕರಿಗೆ ಮೊದಲೇ ತಿಳಿಸಲಿ. ಹೊಲಿಗೆ ಭದ್ರವಾಗಿ ಹಾಕಲು, ಬೇಗ ಬಿಟ್ಟುಕೊಡಲು ಅನುಕೂಲ.

ದೇಹದಾನವನ್ನು ಇದರ ಜೊತೆ ಸೇರಿಸಬೇಡಿ. ಅದು ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗಕ್ಕೆ ಪಾಠಕ್ಕಾಗಿ ಕೊಡುವುದು. ಪೋಸ್ಟ್‌ಮಾರ್ಟಂ ಆದ ದೇಹವನ್ನು, ಅಂಗಾಂಗ ತೆಗೆದ ದೇಹವನ್ನು ಅವರು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕಣ್ಣು ಕೊಟ್ಟಿದ್ದರೆ ತೆಗೆದುಕೊಳ್ಳುತ್ತಾರೆ.

---

ಹೈಸ್ಕೂಲ್_ವಿಜ್ಞಾನ

ಒಂದು ಕಡೆ ನನ್ನದು ಭಿನ್ನಾಭಿಪ್ರಾಯ. ಕಣ್ಣು ಮೊದಲು, ಅಂಗಾಂಗ ಆಮೇಲೆ ಅನ್ನುವುದು ಹಿರಿಯರ ಸಭೆಗೆ ಸರಿ. ಬೈಕ್ ಓಡಿಸುವ ಹುಡುಗರ ಗುಂಪಿಗೆ, ಪಿಯು ಕಾಲೇಜಿಗೆ ಮೆದುಳಿನ ಸಾವಿನ ಪಾಠವೇ ಮೊದಲು ಬರಲಿ. ಐಸಿಯು ಹೊರಗೆ ಅಪ್ಪ ಅಮ್ಮನ ಪಕ್ಕ ನಿಂತು ಡಾಕ್ಟರ ಮಾತನ್ನು ಬಿಡಿಸಿ ಹೇಳುವುದು ಹೆಚ್ಚಾಗಿ ಕಾಲೇಜು ಓದುವ ತಮ್ಮ ತಂಗಿಯರೇ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ಮನೆಯವರು ಅಂಗಾಂಗ ದಾನ ಮಾಡಿದರು. ಅವರು ಕಡೂರು ಕಡೆಯವರು, ಹುಡುಗರಿಗೆ ಗೊತ್ತು. ಪುನೀತ್ ಅವರದು ಕಣ್ಣು, ವಿಜಯ್ ಅವರದು ಅಂಗಾಂಗ. ಎರಡು ಬಗೆಯ ಸಾವು, ಎರಡು ಬಗೆಯ ದಾನ ಅನ್ನುವುದು ಈ ಎರಡು ಹೆಸರಲ್ಲೇ ತಿಳಿದುಹೋಗುತ್ತದೆ.

‘ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡಾಗುತ್ತಾರೆ’ ಅನ್ನುವವರ ಜೊತೆ ವಾದ ಮಾಡಿ ಗೆಲ್ಲಲು ಹೋಗಬೇಡಿ ಮಾರಾಯ್ರೆ. ಬೇಡರ ಕಣ್ಣಪ್ಪ ಶಿವನಿಗೆ ಕಣ್ಣು ಕಿತ್ತು ಕೊಟ್ಟದ್ದು ಊರಿನ ಅಜ್ಜಿಯರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಅವರ ಬಾಯಲ್ಲೇ ಹೇಳಿಸಿ.

---

ನಗರ_ಹೋಬಳಿ

ಹಾಗಾದರೆ ಅರ್ಜಿ ತುಂಬಿಸುವುದೇ ಬೇಡವಾ? ಡೇರಿಯವರು ನೂರು ಫಾರಂ ಆಗಲೇ ಜೆರಾಕ್ಸ್ ಮಾಡಿಸಿ ಇಟ್ಟಿದ್ದಾರೆ.

---

ಕಸಿ_ಸಂಯೋಜಕಿ

ಬೇಕು, ಆದರೆ ಸಭೆಯಲ್ಲಿ ತುಂಬಿಸಬೇಡಿ, ಮನೆಗೆ ಕೊಟ್ಟು ಕಳಿಸಿ. ಕಾರಣ ಆ ಫಾರಂನಲ್ಲೇ ಇದೆ. ಪ್ರತಿಜ್ಞೆಗೆ ಇರುವುದು ನಮೂನೆ 7. 18 ವರ್ಷ ತುಂಬಿರಬೇಕು, ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಹತ್ತಿರದ ಸಂಬಂಧಿ ಆಗಿರಬೇಕು. ಸಭೆಯಲ್ಲಿ ಪಕ್ಕದ ಕುರ್ಚಿಯವರು ಸಾಕ್ಷಿ ಹಾಕುತ್ತಾರೆ, ಮನೆಯಲ್ಲಿ ಹೆಂಡತಿಗೆ ಸುದ್ದಿಯೇ ಇರುವುದಿಲ್ಲ. ಮುಂದೆ ಐಸಿಯುನಲ್ಲಿ ನಾವು ಕೇಳುವುದು ಆ ಹೆಂಡತಿಯನ್ನೇ. ಕಾರ್ಡ್ ಇದ್ದರೂ ಮನೆಯವರು ಬೇಡ ಅಂದರೆ ವಾಸ್ತವದಲ್ಲಿ ದಾನ ನಡೆಯುವುದಿಲ್ಲ. ಕಾರ್ಡ್ ಇಲ್ಲದಿದ್ದರೂ ಮನೆಯವರು ಹೂಂ ಅಂದರೆ ನಡೆಯುತ್ತದೆ. ಹಾಗಾಗಿ ಅರ್ಜಿ ಗಂಡನದಾದರೆ ಸಂಬಂಧಿ ಸಾಕ್ಷಿಯ ಜಾಗದಲ್ಲಿ ಹೆಂಡತಿಯ ಸಹಿ ಇರಲಿ, ಅಮ್ಮನದಾದರೆ ದೊಡ್ಡ ಮಗನದು, ಅಂದರೆ ನಾಳೆ ಯಾರ ಮಾತು ನಡೆಯುತ್ತದೋ ಅವರದು. ಆ ಸಹಿ ಕೇಳಲು ಹೋದಾಗ ಆಡಬೇಕಾದ ಮಾತು ತಾನಾಗಿ ಆಡಿದ ಹಾಗಾಗುತ್ತದೆ. ಒಂದು ವಾರ ಬಿಟ್ಟು ಡೇರಿಯಲ್ಲಿ ಹಾಲು ಹಾಕುವಾಗ ಫಾರಂ ವಾಪಸ್ ಪಡೆಯಿರಿ. ನೂರರಲ್ಲಿ ಇಪ್ಪತ್ತು ಬಂದರೂ ಅವು ಗಟ್ಟಿ ಇಪ್ಪತ್ತು.

ಆನ್‌ಲೈನ್ ಬೇಕೆನ್ನುವವರಿಗೆ 2023ರಿಂದ ಅಂಗಾಂಗ ಕಸಿಯ ರಾಷ್ಟ್ರೀಯ ಸಂಸ್ಥೆ ನೋಟೋದ (NOTTO) ಜಾಲತಾಣದಲ್ಲಿ ಆಧಾರ್ ಮೂಲಕ ಪ್ರತಿಜ್ಞೆ ಮಾಡುವ ವ್ಯವಸ್ಥೆ ಇದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು, ಒಟಿಪಿ ಬರುತ್ತದೆ, ಹಾಗಾಗಿ ಸಿಗ್ನಲ್ ಇರುವ ಜಾಗದಲ್ಲಿ ಮಾಡಿ. ಯಾವ ಅಂಗ, ಯಾವ ಅಂಗಾಂಶ ಎಂದು ಆಯ್ಕೆ ಮಾಡಿಕೊಳ್ಳಬಹುದು. ಬಂದ ಪ್ರಮಾಣಪತ್ರವನ್ನು ಅದೇ ಹೊತ್ತಿಗೆ ಮನೆಯವರ ವಾಟ್ಸಾಪ್‌ಗೆ ಕಳಿಸಿ. ಮನಸ್ಸು ಬದಲಾದರೆ ಹಿಂದಕ್ಕೆ ತೆಗೆದುಕೊಳ್ಳಬಹುದು. ನೋಟೋ ಸಹಾಯವಾಣಿ 1800-11-4770. ಡ್ರೈವಿಂಗ್ ಲೈಸೆನ್ಸ್ ಅರ್ಜಿಯಲ್ಲೂ ದಾನಕ್ಕೆ ಒಪ್ಪಿಗೆ ಸೂಚಿಸುವ ಜಾಗ ಇದೆ, ಹುಡುಗರಿಗೆ ಹೇಳಿ.

ದಿನಾಂಕದ ಬಗ್ಗೆ: ಆಗಸ್ಟ್ 3 ಭಾರತೀಯ ಅಂಗಾಂಗ ದಾನ ದಿನ, ಆಗಸ್ಟ್ 25ರಿಂದ ಸೆಪ್ಟೆಂಬರ್ 8 ನೇತ್ರದಾನ ಪಾಕ್ಷಿಕ. ಆಗಸ್ಟ್ ಮೊದಲ ವಾರ ನಿಮ್ಮಲ್ಲಿ ಮಳೆ ಜೋರು, ನಾಟಿ ಕೆಲಸವೂ ಇರುತ್ತದೆ. ಪಾಕ್ಷಿಕದ ದಿನಗಳಲ್ಲಿ ಇಟ್ಟುಕೊಂಡರೆ ಕಣ್ಣಿನ ಆಸ್ಪತ್ರೆಯವರನ್ನು ಕರೆಸುವುದೂ ಸುಲಭ. ಆದರೆ ಆ ಹದಿನೈದು ದಿನ ಅವರಿಗೆ ಎಲ್ಲ ಕಡೆಯಿಂದ ಕರೆ ಇರುತ್ತದೆ, ಜುಲೈನಲ್ಲೇ ಪತ್ರ ಕೊಟ್ಟು ದಿನ ಗೊತ್ತು ಮಾಡಿಕೊಳ್ಳಿ.